ಬಾವಿಗೆ ಬಿದ್ದ ವಿಳಾಸ

ಹೆಸರು ಒಂದೇ ಆದರೆ ಊರೂ ಒಂದೇ ಎಂದು ನಂಬಿ ಪ್ರಾಚೀನ ಚೀನಾದ ಆಡಳಿತ ಕೇಂದ್ರಗಳನ್ನು ಇಂದಿನ ನಕ್ಷೆಯ ಮೇಲೆ ಗುರುತು ಹಾಕುವವರನ್ನು ಕಂಡರೆ ನನಗೆ ತಾಳ್ಮೆ ತಪ್ಪುತ್ತದೆ. ಕ್ರಿ.ಶ. 317ರಲ್ಲಿ ಜಿನ್ ಅರಸರು ಉತ್ತರವನ್ನು ಕಳೆದುಕೊಂಡು ಯಾಂಗ್‌ಸಿ ನದಿಯ ದಕ್ಷಿಣದಲ್ಲಿ ರಾಜ್ಯ ಕಟ್ಟಿದರು. ಗುಳೆ ಬಂದ ಜನರಿಗಾಗಿ ಅವರ ತವರು ಜಿಲ್ಲೆಗಳನ್ನೇ ಹೆಸರು ಸಮೇತ ಅಲ್ಲಿ ಮತ್ತೆ ಸ್ಥಾಪಿಸಲಾಯಿತು. ಉತ್ತರದ ಶಾನ್‌ದೋಂಗ್ ಪ್ರಾಂತ್ಯದ ಲಾನ್‌ಲಿಂಗ್ ಹೀಗೆ ಇಂದಿನ ಚಾಂಗ್‌ಝೌ ಬಳಿ ಎರಡನೆಯ ಬಾರಿ ಹುಟ್ಟಿತು. ಹೆಸರು ನಡೆದುಹೋಗುತ್ತದೆ, ಊರು ನಡೆಯುವುದಿಲ್ಲ.

ಹಾಗಾದರೆ ಯಾವುದನ್ನು ನಂಬಬೇಕು? ಕಚೇರಿಯ ಕಸವನ್ನು.

2002ರಲ್ಲಿ ಹುನಾನ್ ಪ್ರಾಂತ್ಯದ ಲೀಯೆ ಎಂಬಲ್ಲಿ ಒಂದು ಹಳೆಯ ಬಾವಿಯಿಂದ 36,000ಕ್ಕೂ ಹೆಚ್ಚು ಮರದ ಪಟ್ಟಿಗಳೂ ತುಣುಕುಗಳೂ ಹೊರಬಂದವು. ಜಿನ್ ಅರಸರಿಗಿಂತ ಬಹಳ ಹಿಂದಿನ ಚಿನ್ ಸಾಮ್ರಾಜ್ಯದ (ಕ್ರಿ.ಪೂ. 221–206) ಚಿಯೆನ್‌ಲಿಂಗ್ ಎಂಬ ಶಿಯೆನ್‌ನ, ಅಂದರೆ ನಮ್ಮ ತಾಲ್ಲೂಕಿನಂಥ ಘಟಕದ, ಕಡತಗಳು ಅವು. ಒಂದು ಪಟ್ಟಿಯ ಮೇಲೆ ಒಂಬತ್ತರವರೆಗಿನ ಮಗ್ಗಿಯೂ ಇದೆ!

ನನಗೆ ಅತಿ ಪ್ರಿಯವಾದ ಭಾಗ ಇನ್ನು ಮುಂದಿನದು. ಆ ಕಾಲದ ಪತ್ರವನ್ನು ಹುರಿಯಿಂದ ಕಟ್ಟಿ, ಗಂಟಿನ ಮೇಲೆ ಜೇಡಿಮಣ್ಣಿನ ಉಂಡೆ ಮೆತ್ತಿ, ಅದರ ಮೇಲೆ ಅಧಿಕಾರಿಯ ಮುದ್ರೆ ಒತ್ತುತ್ತಿದ್ದರು. ಪತ್ರ ತಲುಪಿದವನು ಆ ಮಣ್ಣನ್ನು ಒಡೆದು ಬಿಸಾಡುತ್ತಿದ್ದ. ಆದ್ದರಿಂದ ಮುದ್ರೆಯಲ್ಲಿರುವುದು ಕಳುಹಿಸಿದವರ ಹೆಸರು, ಮುದ್ರೆ ಸಿಗುವುದು ಪಡೆದವರ ಅಂಗಳದಲ್ಲಿ. ನಿಮ್ಮ ಮನೆಗೆ ಬಂದ ಲಗ್ನಪತ್ರಿಕೆಗಳನ್ನು ನೆನೆಯಿರಿ. ಒಳಗೆಲ್ಲ ಬೇರೆಯವರ ಮನೆತನದ ಹೆಸರುಗಳೇ. ಆದರೆ ಲಕೋಟೆಯ ಮೇಲೆ ಕೈಯಲ್ಲಿ ಬರೆದದ್ದು ಪ್ರತಿ ಸಲವೂ ನಿಮ್ಮ ಹೆಸರು. ಅಂಚೆ ಠಸ್ಸೆಯೂ ಹಾಗೆಯೇ: ಹತ್ತಾರು ಊರುಗಳ ಠಸ್ಸೆ ಬಿದ್ದ ಕಾಗದಗಳು ಒಂದೇ ಪೆಟ್ಟಿಗೆಯಲ್ಲಿದ್ದರೆ, ಆ ಪೆಟ್ಟಿಗೆ ಹತ್ತಾರು ಊರುಗಳದ್ದಲ್ಲ. ಒಂದೇ ಒಂದು ಮುದ್ರೆ ಸಿಕ್ಕಿತೆಂದು ‘ಇದೇ ಆ ಪಟ್ಟಣ’ ಎನ್ನುವುದು ಅದಕ್ಕೇ ತಪ್ಪು. ಲೀಯೆಯಲ್ಲಿ ಸಿಕ್ಕ, ಪಡೆಯುವವರ ವಿಳಾಸ ಬರೆದ ಮರದ ಪಟ್ಟಿಗಳಲ್ಲಿ ಮತ್ತೆ ಮತ್ತೆ ಬರುವುದು ಚಿಯೆನ್‌ಲಿಂಗ್. ಕಚೇರಿ ಅಲ್ಲೇ ಇತ್ತು.

ಇನ್ನೊಂದು ಪಟ್ಟಿ ದಾರಿಯ ಲೆಕ್ಕ ಹೇಳುತ್ತದೆ. ಸುವೋದಿಂದ ಲಿನ್‌ಯುವಾನ್‌ಗೆ 60 ಲೀ, ಲಿನ್‌ಯುವಾನ್‌ನಿಂದ ಚಿಯೆನ್‌ಲಿಂಗ್‌ಗೆ 910 ಲೀ. ಆಗಿನ ಒಂದು ಲೀ ಸುಮಾರು 415 ಮೀಟರ್. ಆದ್ದರಿಂದ 910 ಲೀ ಎಂದರೆ 378 ಕಿಲೋಮೀಟರಿನಷ್ಟು. ಲಿನ್‌ಯುವಾನ್ ಇಂದಿನ ಚಾಂಗ್‌ದೆ. ಅಲ್ಲಿಂದ ಲೀಯೆಗೆ ನೇರ ಗೆರೆ ಎಳೆದರೆ 240 ಕಿಲೋಮೀಟರ್ ಆಸುಪಾಸು. ಉಳಿದದ್ದು ಗುಡ್ಡಗಳ ನಡುವೆ ಸುತ್ತಿ ಬಳಸಿ ಹೋಗುವ ಹಾದಿ. ಎರಡು ಸಾವಿರ ವರ್ಷಗಳ ಹಿಂದಿನ ಗುಮಾಸ್ತ ಬರೆದ ಅಂಕಿಗೂ ನೆಲಕ್ಕೂ ಹೀಗೆ ತಾಳೆಯಾಗುವುದನ್ನು ನೋಡುವುದೇ ಒಂದು ಸಂತೋಷ.

ಚಿಯೆನ್‌ಲಿಂಗ್‌ನ ಮೇಲಿನ ಜಿಲ್ಲೆ ದೋಂಗ್‌ತಿಂಗ್ ಎಂದೂ ಈ ಪಟ್ಟಿಗಳೇ ತಿಳಿಸಿದವು. ಚಿನ್ ನಂತರ ಬಂದ ಹಾನ್ ಕಾಲದ ಇತಿಹಾಸಕಾರರು ಚಿನ್ ಜಿಲ್ಲೆಗಳನ್ನು ಹೆಸರಿಸುವಾಗ ಅದನ್ನು ಎಲ್ಲಿಯೂ ಹೇಳಿರಲಿಲ್ಲ. ಆ ಜಿಲ್ಲೆಯ ಕೇಂದ್ರ ಎಲ್ಲಿತ್ತು ಎಂಬ ವಾದ ಮಾತ್ರ ವಿದ್ವಾಂಸರ ನಡುವೆ ಇನ್ನೂ ನಡೆದಿದೆ. ಅದರ ಕಚೇರಿಯ ಕಸ ಬಿದ್ದ ಬಾವಿ ಇನ್ನೂ ಸಿಕ್ಕಿಲ್ಲ.