ಪಿಆರ್‌ಪಿ: ಟ್ಯೂಬಿನೊಳಗೆ ಏನಾಗಬೇಕು, ಯಾರಿಗೆ ಬೇಕು

ಕೂದಲು ಉದುರುವಿಕೆ, ಮೊಡವೆ ಕಲೆ, ಮಾಯದ ಗಾಯ ಎಂದು ಶಿವಮೊಗ್ಗದ ಚರ್ಮವೈದ್ಯರ ಬಳಿ ಹೋದವರ ಕಿವಿಗೆ ಪಿಆರ್‌ಪಿ (ಪ್ಲೇಟ್‌ಲೆಟ್ ರಿಚ್ ಪ್ಲಾಸ್ಮಾ) ಎಂಬ ಹೆಸರು ಬಿದ್ದೇ ಇರುತ್ತದೆ. ರೋಗಿಯದೇ ರಕ್ತದಿಂದ ಪ್ಲೇಟ್‌ಲೆಟ್‌ಗಳನ್ನು (ರಕ್ತ ಹೆಪ್ಪುಗಟ್ಟಿಸುವ ಪುಟ್ಟ ಕಣಗಳನ್ನು) ಒಟ್ಟುಮಾಡಿ ಅವರಿಗೇ ಚುಚ್ಚುವ ಚಿಕಿತ್ಸೆ ಇದು. ಪ್ಲೇಟ್‌ಲೆಟ್ ಒಡೆದಾಗ ಪಿಡಿಜಿಎಫ್, ವಿಇಜಿಎಫ್‌ನಂಥ ಪ್ರೋಟೀನುಗಳು ಹೊರಬಂದು ಹೊಸ ರಕ್ತನಾಳ, ಹೊಸ ಅಂಗಾಂಶ ಬೆಳೆಯಲು ನೆರವಾಗುತ್ತವೆ. ಹಾಗಾಗಿ ಚುಚ್ಚುವವರೆಗೆ ಅವು ಒಡೆಯದೆ ಉಳಿಯಬೇಕು.

ಸಾಮಾನ್ಯವಾಗಿ 20 ಮಿ.ಲೀ. ರಕ್ತದಿಂದ ಎರಡು-ಮೂರು ಮಿ.ಲೀ. ಪಿಆರ್‌ಪಿ ಸಿಗುತ್ತದೆ. ರಕ್ತ ಹೆಪ್ಪುಗಟ್ಟದಿರಲು ಟ್ಯೂಬಿನಲ್ಲಿ ಸಿಟ್ರೇಟ್ ಇರಬೇಕು. ರಕ್ತಪರೀಕ್ಷೆಗೆ ಬಳಸುವ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್ ಪ್ಲೇಟ್‌ಲೆಟ್‌ನ ಹೊರಪದರವನ್ನೇ ಹಾಳುಮಾಡುತ್ತದೆ. ಟ್ಯೂಬನ್ನು ಸೆಂಟ್ರಿಫ್ಯೂಜ್ ಎಂಬ ಯಂತ್ರದಲ್ಲಿಟ್ಟು ಮೊದಲ ಸಲ ನಿಧಾನವಾಗಿ ತಿರುಗಿಸಿದಾಗ ಕೆಂಪು ಕಣ ತಳ ಸೇರಿ, ರಕ್ತದ ಹಳದಿ ದ್ರವಭಾಗವಾದ ಪ್ಲಾಸ್ಮಾ ಮೇಲೆ ನಿಂತು, ನಡುವೆ ತೆಳುವಾದ ಬಿಳಿ ಪದರ ಕಾಣುತ್ತದೆ. ಪ್ಲಾಸ್ಮಾವನ್ನೂ ಆ ಪದರವನ್ನೂ ಬೇರೆ ಟ್ಯೂಬಿಗೆ ಹಾಕಿ ಜೋರಾಗಿ ತಿರುಗಿಸಿದರೆ ಪ್ಲೇಟ್‌ಲೆಟ್‌ಗಳು ತಳಕ್ಕಿಳಿಯುತ್ತವೆ. ಮೇಲಿನ ಮೂರರಲ್ಲಿ ಎರಡು ಪಾಲು ತೆಗೆದು, ಉಳಿದದ್ದನ್ನು ಮೆಲ್ಲಗೆ ಅಲ್ಲಾಡಿಸಿ ಕಲಸಬೇಕು. ಕಲಸದಿದ್ದರೆ ಸಿರಿಂಜಿಗೆ ಬರುವುದು ಬರೀ ಪ್ಲಾಸ್ಮಾ.

ಹೆಚ್ಚಿನ ತಪ್ಪು ಆಗುವುದು ಸೆಂಟ್ರಿಫ್ಯೂಜಿನ ಸುತ್ತಿನ ಲೆಕ್ಕದಲ್ಲಿ. ನಿಮಿಷಕ್ಕೆ 1,500 ಸುತ್ತು ಎಂದಷ್ಟೇ ಹೇಳಿದರೆ ಸಾಲದು. ಟ್ಯೂಬ್ ಹಿಡಿದು ತಿರುಗುವ ರೋಟರಿನ ತ್ರಿಜ್ಯ 10 ಸೆಂ.ಮೀ. ಇದ್ದರೆ ರಕ್ತದ ಮೇಲೆ ಬೀಳುವ ಬಲ ಗುರುತ್ವದ ಸುಮಾರು 250 ಪಟ್ಟು, 15 ಸೆಂ.ಮೀ. ಇದ್ದರೆ 375 ಪಟ್ಟು. ಬೇರೆ ಯಂತ್ರದ ಸುತ್ತನ್ನು ಹಾಗೇ ನಕಲು ಮಾಡಿದರೆ ಮೊದಲ ಸಲ ತಿರುಗಿಸುವಾಗಲೇ ಪ್ಲೇಟ್‌ಲೆಟ್‌ಗಳು ಕೆಂಪು ಕಣದ ಜೊತೆ ತಳ ಸೇರಿಬಿಡಬಹುದು. ಮಳೆಗಾಲದಲ್ಲಿ ನಡುವೆ ಕರೆಂಟು ಹೋದರೂ ಲೆಕ್ಕ ತಪ್ಪುತ್ತದೆ. ಯಂತ್ರಕ್ಕೆ ಯುಪಿಎಸ್ ಇರಲೇಬೇಕು.

ನಮ್ಮ ಮಲೆನಾಡಿನಲ್ಲಿ ಮೊದಲು ಕೇಳಬೇಕಾದದ್ದು ಜ್ವರದ ಬಗ್ಗೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಬೇಸಿಗೆ ಮುಗಿಯುವವರೆಗೂ ಕಾಡುತ್ತದೆ, ಮಳೆ ಶುರುವಾದರೆ ಡೆಂಗಿ. ಎರಡರಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ. ರಕ್ತದ ಮೈಕ್ರೋಲೀಟರಿಗೆ ಕನಿಷ್ಠ ಒಂದೂವರೆ ಲಕ್ಷ ಇರಬೇಕಾದದ್ದು ಒಂದು ಲಕ್ಷಕ್ಕಿಂತ ಕೆಳಗಿದ್ದರೆ ಪಿಆರ್‌ಪಿ ಮಾಡುವಂತಿಲ್ಲ. ಇನ್ನೊಂದು ವಿಷಯ: ಜೋರು ಜ್ವರ ಬಂದು ಎರಡು-ಮೂರು ತಿಂಗಳಿಗೆ ಬಾಚಣಿಗೆ ತುಂಬ ಕೂದಲು ಬರುವುದುಂಟು. ಅದು ಬೋಳಾಗುವ ಲಕ್ಷಣವಲ್ಲ. ಬೇರು ಸತ್ತಿರುವುದಿಲ್ಲ, ಬಹುಪಾಲು ಜನರಿಗೆ ಆರು ತಿಂಗಳೊಳಗೆ ತಾನಾಗಿ ನಿಲ್ಲುತ್ತದೆ. ಅದಕ್ಕೆ ಸಾವಿರಾರು ರೂಪಾಯಿ ಸುರಿದು ನೆತ್ತಿಗೆ ಸೂಜಿ ಚುಚ್ಚಿಸಿಕೊಳ್ಳಬೇಡಿ.

ವಂಶವಾಹಿ ಬೋಳುತನದಲ್ಲಿ, ಕೂದಲು ಸಣಕಲಾಗಿ ಇನ್ನೂ ಉಳಿದಿರುವ ಕಡೆ ಪಿಆರ್‌ಪಿ ಪ್ರಯೋಜನಕ್ಕೆ ಬರುತ್ತದೆ. ತಿಂಗಳಿಗೊಮ್ಮೆ ಮೂರು-ನಾಲ್ಕು ಸಲ ಕೊಟ್ಟು, ಆಮೇಲೆ ಅಂತರ ಹೆಚ್ಚಿಸುತ್ತಾರೆ. ನುಣ್ಣಗಾದ ಬುರುಡೆಯಲ್ಲಿ ಏನೂ ಆಗದು.

ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಪ್ಲಾಸ್ಟಿಕ್ ಸರ್ಜನ್ನರು ಇದನ್ನೇ ಜೆಲ್ ಮಾಡಿ ಹಚ್ಚುತ್ತಾರೆ. ಅದಕ್ಕೂ ಮುಂಚೆ ಸತ್ತ ಮಾಂಸ ಕೆರೆದು ತೆಗೆದು, ಸೋಂಕು ಹತೋಟಿಗೆ ತಂದು, ಕಾಲಿಗೆ ರಕ್ತ ಸರಿಯಾಗಿ ಹರಿಯುತ್ತಿದೆಯೇ ಎಂದು ನೋಡಿರಬೇಕು. ಕೀವಿನ ಮೇಲೆ ಹಚ್ಚಿದ ಜೆಲ್ ಕೀವಿನೊಂದಿಗೇ ಹೋಗುತ್ತದೆ.