ಗಲ್ಫ್ ಹೋಟೆಲ್‌ನ ಕೆಲಸ: ಮೂಲವೇತನದ ಸಾಲು ನೋಡಿದಿರಾ?

ಹೋಟೆಲ್ ಕೆಲಸದ ತರಬೇತಿ ಕೊಡುವ ನನ್ನ ಬಳಿಗೆ ಜೇವರ್ಗಿ, ಹುಮನಾಬಾದ್, ಶಹಾಪುರ ಕಡೆಯ ಹುಡುಗರು ಆಫರ್ ಲೆಟರ್ ಹಿಡಿದು ಕಲಬುರಗಿಗೆ ಬರುತ್ತಾರೆ. ದುಬೈ, ದೋಹಾ, ಮಸ್ಕತ್, ಊರು ಯಾವುದೇ ಇರಲಿ, ಎಲ್ಲರೂ ಬೆರಳಿಟ್ಟು ತೋರಿಸುವುದು ಒಟ್ಟು ಸಂಬಳವನ್ನು. ಅದನ್ನು ರೂಪಾಯಿಗೆ ತಿರುಗಿಸಿ, ತಂಗಿಯ ಮದುವೆಗೆ ಇಷ್ಟು, ಕೊಳವೆಬಾವಿಯ ಸಾಲಕ್ಕೆ ಇಷ್ಟು ಎಂದು ಮನೆಯಲ್ಲಿ ಲೆಕ್ಕವೂ ಮುಗಿದಿರುತ್ತದೆ. ನಾನು ಹುಡುಕುವುದು ಅದರ ಮೇಲಿನ ಸಾಲನ್ನು: ಬೇಸಿಕ್, ಅಂದರೆ ಮೂಲವೇತನ.

ಲೆಕ್ಕ ಹಾಕಿ ನೋಡಿ. ಯುಎಇಯಲ್ಲಿ ಇಬ್ಬರಿಗೆ ಒಟ್ಟು 1,800 ದಿರ್ಹಮ್ ಸಂಬಳ ಎಂದುಕೊಳ್ಳೋಣ. ಒಬ್ಬನ ಮೂಲವೇತನ 900, ಉಳಿದರ್ಧ ಭತ್ಯೆ. ಇನ್ನೊಬ್ಬನ ಮೂಲವೇತನ 1,500. ತಿಂಗಳ ಕೊನೆಗೆ ಇಬ್ಬರ ಕೈಗೂ ಬರುವುದು ಅಷ್ಟೇ. ಆದರೆ ಒಂದು ವರ್ಷ ಪೂರೈಸಿದವರಿಗೆ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿಯನ್ನು ಅಲ್ಲಿಯ ಕಾನೂನು ಮೂಲವೇತನದ ಮೇಲೆ ಅಳೆಯುತ್ತದೆ. ಮೊದಲ 5 ವರ್ಷಗಳವರೆಗೆ ವರ್ಷವೊಂದಕ್ಕೆ 21 ದಿನಗಳ ವೇತನ. ಮೊದಲಿನವನಿಗೆ ವರ್ಷಕ್ಕೆ 630 ದಿರ್ಹಮ್ ಸೇರಿದರೆ ಎರಡನೆಯವನಿಗೆ 1,050. ಓವರ್‌ಟೈಮ್ ಕೂಡ ಮೂಲವೇತನದ ಗಂಟೆಯ ದರಕ್ಕೆ ಕನಿಷ್ಠ ಶೇ 25 ಸೇರಿಸಿ ಕೊಡಬೇಕಾದದ್ದು. ಹಬ್ಬ, ಸಮಾರಂಭಗಳ ಕಾಲದಲ್ಲಿ ಬ್ಯಾಂಕ್ವೆಟ್ (ಔತಣಕೂಟ) ವಿಭಾಗದವರು ಎಷ್ಟು ಹೊತ್ತು ನಿಂತು ದುಡಿಯುತ್ತಾರೆ ಎಂಬುದು ಗೊತ್ತಿದ್ದವರಿಗೆ ಈ ವ್ಯತ್ಯಾಸ ಚಿಲ್ಲರೆಯಲ್ಲ.

ಸರ್ವಿಸ್ ಚಾರ್ಜ್, ಅಂದರೆ ಗ್ರಾಹಕರ ಬಿಲ್ಲಿನಲ್ಲಿ ಸೇರಿಸಿ ನೌಕರರಿಗೆ ಹಂಚುವ ಪಾಲು, ಎಂದು ಬರೆದಿದ್ದರೆ ಅದನ್ನು ಸಂಬಳದ ಲೆಕ್ಕಕ್ಕೆ ಹಿಡಿಯಬೇಡಿ. ಕೊಠಡಿಗಳು ತುಂಬಿದರೆ ಅದು ಬರುತ್ತದೆ. ಕಡು ಬೇಸಿಗೆಯಲ್ಲಿ ಪ್ರವಾಸಿಗರು ಕಡಿಮೆಯಾದರೆ ಕರಗುತ್ತದೆ. ವಸತಿ, ಡ್ಯೂಟಿ ಊಟ, ವೈದ್ಯಕೀಯ ವಿಮೆ, ಊರಿಗೆ ಬರುವ ಟಿಕೆಟ್ ಇವೆಲ್ಲ ಪತ್ರದಲ್ಲೇ ಇರಬೇಕು, ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಯುಎಇಯ ಅಧಿಕೃತ ಆಫರ್ ಪತ್ರ ಅರಬ್ಬಿ, ಇಂಗ್ಲಿಷ್ ಜೊತೆಗೆ ಹಿಂದಿ, ಉರ್ದುವಿನಲ್ಲೂ ಸಿಗುತ್ತದೆ. ಕಲಬುರಗಿ, ಬೀದರ್‌ನಲ್ಲಿ ಉರ್ದು ಓದಿ ಹೇಳುವವರು ಪಕ್ಕದ ಓಣಿಯಲ್ಲೇ ಇರುತ್ತಾರೆ. ಆದರೂ ಇಂಗ್ಲಿಷ್ ಪತ್ರಕ್ಕೆ ಕಣ್ಣುಮುಚ್ಚಿ ಸಹಿ ಹಾಕಿ ಬರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಇನ್ನು ಹುದ್ದೆ. ಢಾಬಾದ ತಂದೂರಿನ ಮುಂದೆ ಹತ್ತು ವರ್ಷ ಬೆಂದವನನ್ನೂ ದೊಡ್ಡ ಹೋಟೆಲ್‌ಗಳು ಬಹುತೇಕ ಕಾಮಿ 3 ಅಥವಾ ಕಾಮಿ 2 (ಅಡುಗೆಮನೆಯ ಕೆಳಹಂತದ ಸಹಾಯಕ ಅಡುಗೆಯವ) ಎಂದೇ ತೆಗೆದುಕೊಳ್ಳುತ್ತವೆ. ಅದಕ್ಕೆ ಬೇಸರಪಡುವುದು ಬೇಡ, ಮೇಲೇರಲು ಮೆಟ್ಟಿಲುಗಳಿವೆ. ಕಿಚನ್ ಸ್ಟೀವರ್ಡಿಂಗ್ ಬೇರೆಯದೇ ವಿಭಾಗ: ಪಾತ್ರೆ, ಯಂತ್ರ, ನೆಲ ತೊಳೆಯುವ ಕೆಲಸ. ಅದರಲ್ಲಿ ಅವಮಾನವೇನೂ ಇಲ್ಲ. ಊಟ ಬಡಿಸಲು ಹೊರಟೆ ಎಂದುಕೊಂಡವನು ಅಲ್ಲಿಗೆ ಹೋಗಿ ನಿಂತಾಗಲೇ ತೊಂದರೆ.

ಅಡುಗೆಮನೆಗೆ ಹೋಗುವ ಸಸ್ಯಾಹಾರಿ ಮನೆತನದ ಮಕ್ಕಳಿಗೆ ನಾನು ಮೊದಲ ವಾರವೇ ಕೇಳುವ ಪ್ರಶ್ನೆಯೊಂದಿದೆ: ದನದ ಮಾಂಸ ಕತ್ತರಿಸಲು ಹೇಳಿದರೆ ಏನು ಮಾಡುತ್ತೀರಿ? ಕತ್ತರಿಸುವ ಹಲಗೆಗಳ ಬಣ್ಣವನ್ನು ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಹಸಿ ಮಾಂಸಕ್ಕೆ ಕೆಂಪು, ಮೀನಿಗೆ ನೀಲಿ, ತರಕಾರಿಗೆ ಹಸಿರು. ಆದರೆ ಕೆಂಪು ಹಲಗೆಯ ಮುಂದೆ ದಿನವೂ ತಾವೇ ನಿಲ್ಲಬೇಕು ಎಂದು ಯೋಚಿಸಿದವರು ಕಡಿಮೆ. ಬೇಕರಿ ವಿಭಾಗ ಸೇರುತ್ತೇನೆ ಎಂದರೆ ಅಲ್ಲಿ ಮೊಟ್ಟೆ, ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯುವ ಜೆಲಟಿನ್ ಇದ್ದೇ ಇವೆ. ಮನಸ್ಸು ಒಪ್ಪದಿದ್ದರೆ ಹೌಸ್‌ಕೀಪಿಂಗ್, ಫ್ರಂಟ್ ಆಫೀಸ್ ಇವೆ. ಇದನ್ನು ಮನೆಯಲ್ಲಿ ಕೂತು ತೀರ್ಮಾನಿಸಬೇಕು, ಅಲ್ಲಿಯ ಶೆಫ್ ಎದುರು ಅಲ್ಲ.

ಈಗ ಪಾಸ್‌ಪೋರ್ಟ್. ಎಸ್ಸೆಸ್ಸೆಲ್ಸಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ (ವಲಸೆ ತಪಾಸಣೆ ಅಗತ್ಯ) ವರ್ಗಕ್ಕೆ ಸೇರುತ್ತದೆ. ಅವರು ಗಲ್ಫ್ ದೇಶಗಳೂ ಸೇರಿ ಪಟ್ಟಿಯಲ್ಲಿರುವ ದೇಶಗಳಿಗೆ ದುಡಿಯಲು ಹೋಗುವಾಗ ಸರ್ಕಾರದ ವಲಸೆ ಅನುಮತಿ ಪಡೆಯಬೇಕು. 1983ರ ವಲಸೆ ಕಾಯ್ದೆ ಇದನ್ನು ತಂದದ್ದು ಕಾಟ ಕೊಡಲಿಕ್ಕಲ್ಲ. ಅನುಮತಿ ಸಿಗಬೇಕಾದರೆ ಕೆಲಸದ ಕರಾರು ತೋರಿಸಬೇಕು, 10 ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಮಾಡಿಸಬೇಕು. ವಿಸಿಟ್ ವೀಸಾದಲ್ಲಿ ಹೋಗಿಬಿಡು, ಅಲ್ಲಿ ಬದಲಾಯಿಸಿಕೊಡುತ್ತೇನೆ ಎನ್ನುವ ಮಧ್ಯವರ್ತಿ ತಪ್ಪಿಸುತ್ತಿರುವುದು ಇದೇ ಎರಡನ್ನು. ವಿಸಿಟ್ ವೀಸಾದಲ್ಲಿ ಕೆಲಸ ಮಾಡುವುದು ಅಲ್ಲಿ ಅಪರಾಧ; ಸಿಕ್ಕಿಬೀಳುವವನು ಹುಡುಗ, ಮಧ್ಯವರ್ತಿಯಲ್ಲ. ಗಣಿತವೋ ಇಂಗ್ಲಿಷೋ ಉಳಿದುಕೊಂಡಿದ್ದರೆ ಆರು ತಿಂಗಳು ತಡವಾದರೂ ಸರಿ, ಪಾಸು ಮಾಡಿಕೊಂಡು ಹೋಗಿ ಎಂದೇ ನನ್ನ ಸಲಹೆ. ಅಂಕಪಟ್ಟಿ ಕೊಟ್ಟು ಇಸಿಆರ್ ತೆಗೆಸಬಹುದು, ಹೋಟೆಲ್‌ನಲ್ಲಿ ಬಡ್ತಿಗೂ ಅದು ಬೇಕಾಗುತ್ತದೆ.

ನೋಂದಾಯಿತ ನೇಮಕಾತಿ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ, ರಸೀದಿ ಸಹಿತ. ನಮ್ಮಲ್ಲಿ ಲಕ್ಷಗಟ್ಟಲೆ ಕೊಟ್ಟು ಬಂದವರಿದ್ದಾರೆ, ಕೆಲವರು ತೊಗರಿ ಬೆಳೆಯುವ ಹೊಲವನ್ನೇ ಅಡವಿಟ್ಟು. ಪಾಸ್‌ಪೋರ್ಟ್ ಕೈಗೆ ಕೊಡುವ ಮೊದಲು ಏಜೆಂಟನ ಪರವಾನಗಿ ಸಂಖ್ಯೆ ಕೇಳಿ, ವಿದೇಶಿ ಕೆಲಸದ ವಲಸೆಗೆ ಸರ್ಕಾರ ನಡೆಸುವ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಿ. ಮುಂಬೈ, ಹೈದರಾಬಾದ್‌ನ ಏಜೆಂಟರ ಹೆಸರು ಹೇಳಿಕೊಂಡು ಊರಲ್ಲಿ ಪಾಸ್‌ಪೋರ್ಟ್ ಸಂಗ್ರಹಿಸುವ ಉಪ ಏಜೆಂಟರಿಗೆ ಕಾನೂನಿನ ಮಾನ್ಯತೆಯೇ ಇಲ್ಲ.

ಕ್ರೂಸ್ ಹಡಗಿನ ಕೆಲಸ ಕೇಳಿ ಬರುವವರೂ ಈಗ ಹೆಚ್ಚಾಗಿದ್ದಾರೆ. ಅದರ ದಾರಿ ಬೇರೆ. ಎಸ್‌ಟಿಸಿಡಬ್ಲ್ಯು (ನಾವಿಕರಿಗೆ ಅಂತರರಾಷ್ಟ್ರೀಯ ನಿಯಮದ) ಸುರಕ್ಷತಾ ತರಬೇತಿ, ಸಿಡಿಸಿ ಪುಸ್ತಕ (ನಾವಿಕನ ಗುರುತು ಮತ್ತು ಸೇವಾ ದಾಖಲೆ), ವೈದ್ಯಕೀಯ ಪ್ರಮಾಣಪತ್ರ ಇವುಗಳ ಖರ್ಚು ನಿಮ್ಮದು. ಆದರೆ ಹಡಗಿನಲ್ಲಿ ಕೆಲಸ ಕೊಡಿಸಿದ್ದಕ್ಕೆ ಆರ್‌ಪಿಎಸ್‌ಎಲ್ (ನಾವಿಕರ ನೇಮಕಾತಿಗೆ ಸರ್ಕಾರ ಕೊಡುವ) ಪರವಾನಗಿ ಇರುವ ಸಂಸ್ಥೆ ನಾವಿಕನಿಂದ ಒಂದು ರೂಪಾಯಿಯನ್ನೂ ತೆಗೆದುಕೊಳ್ಳುವಂತಿಲ್ಲ. ಭಾರತವೂ ಒಪ್ಪಿರುವ 2006ರ ಸಾಗರ ಕಾರ್ಮಿಕ ಒಪ್ಪಂದ ಹಾಗೆ ಹೇಳುತ್ತದೆ. ಹಡಗಿನ ಕೆಲಸಕ್ಕೆ ‘ಪ್ಲೇಸ್‌ಮೆಂಟ್ ಚಾರ್ಜ್’ ಕೇಳಿದವರ ಕಚೇರಿಯಿಂದ ಪಾಸ್‌ಪೋರ್ಟ್ ವಾಪಸು ತೆಗೆದುಕೊಂಡು ಬನ್ನಿ.