ಹೊಸ ಹೋಲ್‌ಸ್ಟರ್ ಇಷ್ಟು ಬೇಗ ಮೆತ್ತಗಾಗುವುದೇಕೆ?

ಪ್ರಶ್ನೆ: ನಾನೇ ಕತ್ತರಿಸಿ ಹೊಲಿದ ಚರ್ಮದ ಹೋಲ್‌ಸ್ಟರ್ (ಸೊಂಟಕ್ಕೆ ಕಟ್ಟುವ ಪಿಸ್ತೂಲಿನ ಚೀಲ) ಮೊದಲು ಗಟ್ಟಿಯಾಗಿಯೇ ಇತ್ತು, ಪಿಸ್ತೂಲಿನ ಅಚ್ಚೂ ಚೆನ್ನಾಗಿ ಮೂಡಿತ್ತು. ಕೊನೆಗೆ ಎಣ್ಣೆ ಕುಡಿಸಿ ಮುಗಿಸಿದೆ. ಕೆಲವೇ ವಾರಗಳಲ್ಲಿ ಅದರ ಬಾಯಿ ಜೋತುಬಿದ್ದಿದೆ, ಪಿಸ್ತೂಲು ಅಲ್ಲಾಡುತ್ತಿದೆ. ಎಣ್ಣೆ ಸಾಲದೇ ಹೋಯಿತೆ? ಮೇಲೆ ಬೇರೆ ಲೇಪನ ಬೇಕಿತ್ತೆ?

ಉತ್ತರ: ಎಣ್ಣೆ ಸಾಲದೆ ಹೀಗಾಗುವುದಿಲ್ಲ, ಹೆಚ್ಚಾದರೆ ಆಗುತ್ತದೆ. ಹೋಲ್‌ಸ್ಟರಿನ ಗಟ್ಟಿತನ ಹುಟ್ಟುವುದು ಚರ್ಮವನ್ನು ನೆನೆಸಿ, ಒತ್ತಿ, ಒಣಗಿಸುವ ಹೊತ್ತಿನಲ್ಲಿ. ಆಮೇಲೆ ಹಚ್ಚುವುದೆಲ್ಲ ಆ ಗಟ್ಟಿತನವನ್ನು ಕಾಪಾಡಬಹುದು ಇಲ್ಲವೇ ಕೆಡಿಸಬಹುದು, ಹೊಸದಾಗಿ ತಂದುಕೊಡಲಾರದು. ಆದ್ದರಿಂದ ಲೇಪನದ ಡಬ್ಬಿಗೆ ಕೈ ಹಾಕುವ ಮೊದಲು ಹಿಂದಿನ ಹಂತಗಳನ್ನು ನೋಡೋಣ.

ಮೊದಲು ಚರ್ಮ. ಮರದ ತೊಗಟೆಯಂಥ ಸಸ್ಯಮೂಲದ ಒಗರು ಅಂಶವಾದ ಟ್ಯಾನಿನ್‌ನಿಂದ ಹದ ಮಾಡಿದ ಚರ್ಮ ನೀರಿನಲ್ಲಿ ನೆಂದಾಗ ಕೈಗೆ ಬಗ್ಗುತ್ತದೆ, ಒಣಗಿದಾಗ ಕೊಟ್ಟ ಆಕಾರದಲ್ಲೇ ಬಿಗಿದುಕೊಳ್ಳುತ್ತದೆ. ಕ್ರೋಮಿಯಂ ಲವಣದಿಂದ ಹದ ಮಾಡಿದ್ದು ಜಾಕೆಟ್ಟಿಗೂ ಕೈಚೀಲಕ್ಕೂ ಸರಿ, ಆದರೆ ಎಷ್ಟು ಒತ್ತಿದರೂ ಹಿಂದಕ್ಕೆ ಸಡಿಲಗೊಳ್ಳುತ್ತದೆ. ಅದರಲ್ಲಿ ಉಳಿದ ಲವಣಗಳು ಲೋಹಕ್ಕೂ ಒಳ್ಳೆಯದಲ್ಲ. ಕತ್ತರಿಸಿದ ಅಂಚಿನ ನಡುವೆ ನೀಲಿ-ಬೂದು ಗೆರೆ ಕಂಡರೆ ಅದು ಕ್ರೋಮ್ ಚರ್ಮ ಎಂದುಕೊಳ್ಳಿ. ಸರಿಯಾದ ಚರ್ಮವನ್ನೇ ಕೊಂಡಿದ್ದರೂ ಹೊಟ್ಟೆಯ ಭಾಗದ್ದು ಬಂದಿದ್ದರೆ ಕಷ್ಟ: ಅಲ್ಲಿನ ನಾರು ಸಡಿಲ, ಹಿಗ್ಗುವುದೇ ಅದರ ಗುಣ. ಬೆನ್ನಿನ ಭಾಗದ್ದು, 2.8ರಿಂದ 3.6 ಮಿಲಿಮೀಟರ್ ದಪ್ಪದ್ದು (ಮಾರುವವರ ಲೆಕ್ಕದಲ್ಲಿ 7ರಿಂದ 9 ಔನ್ಸ್) ಸಾಮಾನ್ಯ ಪಿಸ್ತೂಲಿಗೆ ಸಾಕು.

ಎರಡನೆಯದು ಹೊಲಿಗೆಯ ಗೆರೆ. ಇದನ್ನು ಯಾರೂ ಶಂಕಿಸುವುದಿಲ್ಲ, ಆದರೆ ಸಡಿಲಕ್ಕೆ ಬಹಳ ಸಲ ಕಾರಣ ಇದೇ. ಎರಡು ಹಾಳೆಗಳ ನಡುವೆ ಪಿಸ್ತೂಲು ಕೂರುವ ನಮೂನೆಯಲ್ಲಿ, ಪಿಸ್ತೂಲಿನ ಅಂಚಿನಿಂದ ಹೊಲಿಗೆಗೆ ಎಷ್ಟು ದೂರ ಬಿಡಬೇಕು? ಪಿಸ್ತೂಲಿನ ದಪ್ಪದ ಅರ್ಧಕ್ಕೆ ಚರ್ಮದ ದಪ್ಪ ಸೇರಿಸಿ. ಪಿಸ್ತೂಲು 24 ಮಿಲಿಮೀಟರ್, ಚರ್ಮ 3 ಮಿಲಿಮೀಟರ್ ಇದ್ದರೆ 15 ಮಿಲಿಮೀಟರ್. ಇದು ಅಂದಾಜು, ರಟ್ಟಿನಲ್ಲಿ ಕತ್ತರಿಸಿ ನೋಡಿಯೇ ಚರ್ಮಕ್ಕೆ ಇಳಿಯಬೇಕು. ಇದಕ್ಕಿಂತ ಬಹಳ ದೂರ ಹೊಲಿದಿದ್ದರೆ ಅಚ್ಚು ಕಣ್ಣಿಗೆ ಚಂದ ಕಾಣುತ್ತದೆ, ಹಿಡಿತ ಇರುವುದಿಲ್ಲ.

ಇನ್ನು ಅಚ್ಚು ಕೂರಿಸುವುದು. ಇಲ್ಲಿ ಅವಸರ ಬೇಡ. ಪಿಸ್ತೂಲಿನಲ್ಲಿ ಗುಂಡಿಲ್ಲ ಎಂದು ಎರಡು ಸಲ ನೋಡಿಕೊಳ್ಳಿ. ಅದಕ್ಕಿಂತ ಒಳ್ಳೆಯದು ಅದೇ ಅಳತೆಯ ಪ್ಲಾಸ್ಟಿಕ್ ಪ್ರತಿಕೃತಿ. ನಿಜವಾದದ್ದನ್ನೇ ಬಳಸುವುದಾದರೆ ತೆಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ. ಒದ್ದೆ ಚರ್ಮದ ಟ್ಯಾನಿನ್‌ಗೆ ಕಬ್ಬಿಣ ತಗುಲಿದರೆ ನೀಲಿಗಪ್ಪು ಕಲೆ ಬೀಳುತ್ತದೆ, ಪಿಸ್ತೂಲಿಗೂ ತುಕ್ಕು. ಗುರಿ ನೋಡುವ ಮುಂದಿನ ಮೊನೆ ಚರ್ಮವನ್ನು ಕೆರೆಯದಂತೆ ಅದರ ನೇರಕ್ಕೆ ಒಂದು ತೆಳು ಮರದ ಕಡ್ಡಿ ಅಂಟಿಸಿಕೊಂಡರೆ ಅಚ್ಚಿನಲ್ಲೇ ಅದಕ್ಕೆ ದಾರಿಯಾಗುತ್ತದೆ.

ಹೋಲ್‌ಸ್ಟರನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಗುಳ್ಳೆಗಳು ಕಡಿಮೆಯಾದೊಡನೆ ತೆಗೆಯಿರಿ. ಸುಡುನೀರು ಬೇಡವೇ ಬೇಡ: ಚರ್ಮ ಮುದುಡಿ, ಒಣಗಿದ ಮೇಲೆ ಬಿರುಕು ಬಿಡುತ್ತದೆ. ತೆಗೆದ ಕೂಡಲೇ ಒತ್ತಲು ಶುರುಮಾಡಬೇಡಿ. ಮೇಲ್ಮೈಯ ಬಣ್ಣ ಮತ್ತೆ ತಿಳಿಯಾಗತೊಡಗಬೇಕು, ಮುಟ್ಟಿದರೆ ಮಾತ್ರ ತಂಪು ಎನಿಸಬೇಕು. ಆಗ ಪಿಸ್ತೂಲು ಕೂರಿಸಿ, ಮೊದಲು ಬೆರಳಿನಿಂದ, ಆಮೇಲೆ ನುಣುಪಾದ ಮೂಳೆಯ ಅಥವಾ ಮರದ ತುದಿಯಿಂದ ಟ್ರಿಗರ್ ಗಾರ್ಡಿನ (ಗುಂಡು ಹಾರಿಸಲು ಎಳೆಯುವ ಟ್ರಿಗರನ್ನು ಸುತ್ತುವರಿದ ಬಳೆಯ) ಸುತ್ತ ಒತ್ತಿ. ಒತ್ತಿದ ಗೆರೆ ಮತ್ತೆ ಮೇಲೇಳುತ್ತಿದ್ದರೆ ನೀರು ಇನ್ನೂ ಹೆಚ್ಚಿದೆ, ಸ್ವಲ್ಪ ಕಾಯಿರಿ. ಚರ್ಮ ಪಿಸ್ತೂಲನ್ನು ಬಿಗಿಯಾಗಿ ಹಿಡಿಯುವ ಜಾಗ ಟ್ರಿಗರ್ ಗಾರ್ಡಿನ ಮುಂಭಾಗವೇ. ಉಳಿದ ಕಡೆ ಒಂದೊಂದು ಗೀರನ್ನೂ ಎತ್ತಿ ತೋರಿಸುವ ಕುಸುರಿ ಫೋಟೋಕ್ಕೆ ಚಂದ, ಹಿಡಿತಕ್ಕೆ ಅಷ್ಟೇನೂ ಬೇಕಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ಆಕಾರ ಕೂತ ಮೇಲೆ ಪಿಸ್ತೂಲನ್ನು ಹೊರತೆಗೆದು ಒಣಗಿಸಿ. ಗಾಳಿಯಲ್ಲಿ ಬಿಟ್ಟರೆ ಒಂದು ದಿನಕ್ಕಿಂತ ಹೆಚ್ಚು ಬೇಕಾಗಬಹುದು. 45ರಿಂದ 50 ಡಿಗ್ರಿ ಸೆಲ್ಸಿಯಸ್‌ನ ಹದವಾದ ಬಿಸಿಯಲ್ಲಿ ಒಣಗಿದ್ದು ಇನ್ನೂ ಗಡುಸು. ಒಲೆಯ ಪಕ್ಕ ಇಟ್ಟು ಹುರಿಯುವುದು ಬೇರೆ, ಇದು ಬೇರೆ. ಒಳಪದರ ಒಣಗುವ ಮೊದಲೇ ಲೇಪನ ಹಚ್ಚಿದರೆ ತೇವ ಅಲ್ಲೇ ಸಿಕ್ಕಿಕೊಂಡು ಚರ್ಮ ಮೆತ್ತಗೇ ಉಳಿಯುತ್ತದೆ.

ಈಗ ನಿಮ್ಮ ಎಣ್ಣೆಯ ಮಾತು. ಚರ್ಮಕ್ಕೆ ಹಚ್ಚುವ ನೀಟ್ಸ್‌ಫುಟ್ ಎಣ್ಣೆ (ದನದ ಕಾಲಿನ ಮೂಳೆಗಳಿಂದ ತೆಗೆದದ್ದು) ನಾರುಗಳ ನಡುವೆ ಜಾರುವಿಕೆ ತರುತ್ತದೆ. ಲಗಾಮಿಗೆ ಬೇಕಾದದ್ದು ಅದೇ, ಹೋಲ್‌ಸ್ಟರಿಗೆ ಬೇಡವಾದದ್ದೂ ಅದೇ. ಬಣ್ಣ ಹಾಕಿದ ಮೇಲೆ ಚರ್ಮ ಒಣಕಲಾಗಿರುತ್ತದೆ ನಿಜ, ಹೊರಮೈಗೆ ಮಾತ್ರ ಬಟ್ಟೆಯಿಂದ ತೆಳುವಾಗಿ ಒಂದು ಸಲ ಒರೆಸಿದರೆ ತೀರಿತು. ಒಳಮೈಗೆ ಎಣ್ಣೆ ತಾಗಿಸಬೇಡಿ. ಹಿತ್ತಾಳೆಯ ಗುಂಡಿಗಳ ಬುಡದಲ್ಲಿ ಹಸಿರು ಅಂಟು ಕಾಣಿಸಿಕೊಳ್ಳುವುದೂ ಚರ್ಮದ ಕೊಬ್ಬಿನಂಶ ತಾಮ್ರದೊಂದಿಗೆ ಸೇರಿಯೇ. ಮರುದಿನ ಅಕ್ರಿಲಿಕ್ ಲೇಪನವನ್ನು ಎರಡು ತೆಳು ಪದರವಾಗಿ, ಮೊದಲನೆಯದು ಒಣಗಿದ ಮೇಲೆ ಎರಡನೆಯದನ್ನು ಹಚ್ಚಿ. ಒಂದೇ ದಪ್ಪ ಪದರ ಬಗ್ಗಿಸಿದಾಗ ಸುಕ್ಕಾಗಿ ಸಿಪ್ಪೆಯೇಳುತ್ತದೆ. ಅಂಚುಗಳನ್ನು ಉಜ್ಜುಕಾಗದದಲ್ಲಿ ಸಮಮಾಡಿ, ಒದ್ದೆ ಮಾಡಿ, ಮರದ ತುಂಡಿನಿಂದ ಬಿಸಿಯಾಗುವವರೆಗೂ ತಿಕ್ಕಿ ಮೇಣ ಸವರಿದರೆ ನೀರು ಒಳಗೆ ಹೋಗುವ ದಾರಿಯೂ ಮುಚ್ಚುತ್ತದೆ. ಆದರೆ ಈ ತಿಕ್ಕುವ ಕೆಲಸ ಬಣ್ಣಕ್ಕೂ ಲೇಪನಕ್ಕೂ ಮೊದಲು.

ಬಾಯಿ ಜೋತುಬಿದ್ದಿದೆ ಎಂದಿರಿ. ಇದನ್ನು ಸೌಂದರ್ಯದ ಪ್ರಶ್ನೆ ಎಂದು ಬಿಡಬೇಡಿ. ಮೆತ್ತಗಾದ ಬಾಯಿಯ ಮಡಿಕೆ ಪಿಸ್ತೂಲನ್ನು ಒಳಗಿಳಿಸುವಾಗ ಟ್ರಿಗರಿಗೆ ಸಿಕ್ಕಿಕೊಂಡು ಗುಂಡು ಹಾರಬಹುದು. ಅದನ್ನು ಇನ್ನು ಸೊಂಟಕ್ಕೆ ಕಟ್ಟಲೇಬೇಡಿ. ಮುಂದಿನದರ ಬಾಯಿಯ ಸುತ್ತ ಇನ್ನೊಂದು ಚರ್ಮದ ಪಟ್ಟಿ ಅಂಟಿಸಿ ಹೊಲಿಯಿರಿ.

ಹಳೆಯದನ್ನು ಉಳಿಸಬಹುದೇ? ಎಣ್ಣೆ ಕಡಿಮೆ ಇದ್ದು ಮೇಲ್ಲೇಪನ ಇನ್ನೂ ಹಾಕಿಲ್ಲದಿದ್ದರೆ ಮತ್ತೆ ನೆನೆಸಿ, ಒತ್ತಿ, ಒಣಗಿಸಿ ನೋಡಬಹುದು. ಒಣಗಿದ ಮೇಲೆ ಬಾಯಿಯನ್ನು ಹೆಬ್ಬೆರಳಿನಿಂದ ಒಳಕ್ಕೆ ತಳ್ಳಿ ನೋಡಿ. ಅದು ಮಡಿಚಿಕೊಂಡರೆ, ಎಣ್ಣೆ ಆಳಕ್ಕೆ ಇಳಿದಿದೆ ಇಲ್ಲವೇ ಚರ್ಮವೇ ಸರಿಯಾದದ್ದಲ್ಲ ಎಂದು ಅರ್ಥ, ಮತ್ತೆ ಮತ್ತೆ ನೆನೆಸಿ ಪ್ರಯೋಜನವಿಲ್ಲ. ಆಗ ಹೊಲಿಗೆ ಬಿಚ್ಚಿ, ಹೊಲಿಗೆಯ ತೂತುಗಳಿಂದ ಅಳತೆ ತೆಗೆದು, ಎಷ್ಟು ದೂರ ಹೊಲಿದಿದ್ದಿರಿ ಎಂದು ಹೊಸ ರಟ್ಟಿನ ಮೇಲೆ ಗುರುತು ಹಾಕಿಕೊಳ್ಳಿ.